ಪರದೆಯ ಮೂಲೆಯ ಚೀಟಿ

ಸ್ಕ್ಯಾನಿಂಗ್ ಸೆಂಟರಿನ ಒಳಕೋಣೆಗೆ ಕಿಟಕಿಯಿಲ್ಲ. ಯಂತ್ರಕ್ಕೆ ತಂಪು ಬೇಕೆಂದು ಇಡೀ ದಿನ ಏಸಿ ಓಡುತ್ತದೆ. ಟೈಪಿಸ್ಟ್ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡೇ ಕೂರುತ್ತಾರೆ. ವರದಿಗಳನ್ನು ಟೈಪ್ ಮಾಡಿ, ರೋಗಿಯನ್ನು ಯಾವ ಡಾಕ್ಟರು ಕಳಿಸಿದ್ದಾರೋ ಅವರ ಹೆಸರಿನ ಫೋಲ್ಡರಿಗೆ ಸೇರಿಸುವುದು ಅವರ ಕೆಲಸ. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಾರೆ, ಅವರಿಗಿಂತ ಹಿರಿಯಳಾದ ಆಯಾ ಕೂಡ.

ಮುಂದಿನ ಕೌಂಟರಿನಲ್ಲಿ ಕೂರಬೇಕೆಂಬುದು ಅಕ್ಕನ ಬಹುದಿನದ ಆಸೆ. ಅಲ್ಲಿ ಗಾಜಿನ ಬಾಗಿಲಿದೆ, ರಸ್ತೆ ಕಾಣುತ್ತದೆ. ಕೌಂಟರಿನ ಹುಡುಗಿ ಕೆಲಸ ಬಿಟ್ಟಾಗ ಬಾಯಿಬಿಟ್ಟು ಕೇಳಿದರು. ಮಾಲೀಕರು ಇಲ್ಲವೆನ್ನಲಿಲ್ಲ.

"ಟೈಪಿಂಗ್ ಅಲ್ಲಿ ಕೂತ್ರೂ ಮಾಡಬಹುದು. ಆದ್ರೆ ಫೋಲ್ಡರುಗಳಿರೋದು ಒಳಗಿನ ಈ ಕಂಪ್ಯೂಟರಲ್ಲಿ. ಫೈಲುಗಳು ತಾವಾಗೇ ಎದ್ದು ಹೋಗಿ ಫೋಲ್ಡರಲ್ಲಿ ಕೂತ್ಕೊಳ್ತಾವಾ? ಅದೊಂದು ಆಗ್ಲಿ, ಬನ್ನಿ."

ಅಕ್ಕ ಆ ಮಾತನ್ನೇ ಗಟ್ಟಿಯಾಗಿ ಹಿಡಿದರು. ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದರು. ಫೈಲಿನ ಹೆಸರಲ್ಲಿ ಡಾಕ್ಟರ ಹೆಸರಿದ್ದರೆ ಅದು ತಾನಾಗಿಯೇ ಸರಿಯಾದ ಫೋಲ್ಡರಿಗೆ ಹೋಗುವಂತೆ ಅವನು ಮಾಡಿಕೊಟ್ಟ. ಹಿಂದೊಮ್ಮೆ ಒಂದೇ ಹೆಸರಿನ ಇಬ್ಬರು ರೋಗಿಗಳ ವರದಿ ಅದಲುಬದಲಾಗಿ ಅಕ್ಕ ಬೈಸಿಕೊಂಡಿದ್ದರು. ಆ ಹೆದರಿಕೆಯಿಂದ ಇನ್ನೊಂದನ್ನೂ ಕೇಳಿದರು: "ಎಲ್ಲಿಗೆ ಹೋಯ್ತು ಅಂತ ನಂಗೆ ತಿಳಿಸ್ಬೇಕಪ್ಪ. ಹೇಳ್ದೆ ಕೇಳ್ದೆ ಹೋಗೋ ಹಾಗಿಲ್ಲ."

"ನಮ್ಮನೇಲೂ ಇದೇ ಕಾನೂನು, ಅಕ್ಕ," ಎನ್ನುತ್ತ ಅವನು ನೋಟಿಫಿಕೇಷನ್ ಹಾಕಿದ. ಫೈಲು ಜಾಗ ಸೇರಿದೊಡನೆ ಪರದೆಯ ಬಲಮೂಲೆಯಲ್ಲಿ ಪುಟ್ಟ ಚೀಟಿ: ಯಾವ ಫೈಲು, ಯಾವ ಫೋಲ್ಡರು. ಟಿಣ್ ಎಂದು ಸದ್ದು. ಮರುಕ್ಷಣ ಮಾಯ.

ಮಾಲೀಕರು ಬಂದು ನೋಡಿ ತಲೆದೂಗಿದರು. "ಚೆನ್ನಾಗಿದೆ. ಆದ್ರೆ ತಪ್ಪು ಫೋಲ್ಡರಿಗೆ ಹೋದ್ರೂ ಇದು ಟಿಣ್ ಅಂತಾನೇ ಅನ್ನೋದು, ಅಲ್ವಾ? ಯಾರಾದ್ರೂ ಓದ್ತಾ ಇರ್ಬೇಕು." ಯಾರಾದರೂ ಎಂದರೆ ಯಾರೆಂದು ಕೇಳುವ ಅಗತ್ಯವಿರಲಿಲ್ಲ.

ಮೊದಲಾದರೆ ಅಕ್ಕ ನಡುನಡುವೆ ಚಹಾಕ್ಕೆ ಏಳುತ್ತಿದ್ದರು. ಈಗ ಎದ್ದರೆ ಚೀಟಿ ತಪ್ಪುತ್ತದೆ. ಆಯಾ ಲೋಟವನ್ನು ಮೇಜಿಗೇ ತಂದಿಟ್ಟು, "ಕೆಲ್ಸ ಕಮ್ಮಿಯಾಯ್ತಂತಲ್ಲ ಅಕ್ಕ," ಎಂದು ಕಾಲೆಳೆದಳು.

ಅಕ್ಕ ರಿಪೇರಿಯವನನ್ನು ಮತ್ತೆ ಕರೆಸಿ, ಜಾಗ ಸಿಗದೆ ಉಳಿದ ಫೈಲಿಗೆ ಮಾತ್ರ ಚೀಟಿ ಬರುವಂತೆ ಮಾಡಿಸಿದರು. ಪರದೆ ಮೌನವಾಯಿತು. ಅಕ್ಕ ಸ್ವೆಟರ್ ಬಿಚ್ಚಿ ಬ್ಯಾಗಿಗೆ ಹಾಕಿ ಬಾಗಿಲವರೆಗೆ ಹೋದರು. ಅಲ್ಲೇ ನಿಂತರು. ಎಲ್ಲ ಸರಿಯಿದೆಯೆಂದು ಸುಮ್ಮನಿದೆಯೋ, ಕೆಟ್ಟು ಸುಮ್ಮನಾಗಿದೆಯೋ? ವಾಪಸು ಬಂದು ಫೋಲ್ಡರುಗಳನ್ನು ಒಂದೊಂದಾಗಿ ತೆರೆದು ನೋಡಿದರು. ಒಂದೂ ತಪ್ಪಿರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ತೆರೆದು ನೋಡಿದರು. ಸಂಜೆ ರಿಪೇರಿಯವನಿಗೆ ಫೋನ್ ಮಾಡಿ, "ಮೊದಲಿದ್ದ ಹಾಗೇ ಮಾಡ್ಬಿಡಪ್ಪ," ಎಂದರು.

ಮುಂದಿನ ವಾರ ಕೌಂಟರಿಗೆ ಹೊಸ ಹುಡುಗಿ ಬಂದಳು. ಒಳಕೋಣೆಗೆ ಮೆತ್ತನೆಯ, ಕೈಯಿರುವ ಕುರ್ಚಿ ಬಂತು. ಮಾಲೀಕರೇ ತಳ್ಳಿಕೊಂಡು ತಂದಿದ್ದರು.

"ಇನ್ನು ಆರಾಮಾಗಿ ಕೂತು ನೋಡಿ."

ಏನೋ ಹೇಳಲು ಅಕ್ಕ ಅವರತ್ತ ತಿರುಗಿದರು. ಬೆನ್ನ ಹಿಂದೆ ಟಿಣ್ ಎಂದಿತು. ಮಾತನ್ನು ಅಲ್ಲಿಗೇ ಬಿಟ್ಟು ಪರದೆ ನೋಡಿದರು.