ಅವ್ವನ ಶುಕ್ರವಾರದ ಉಪವಾಸ

ಉಪವಾಸ ಪ್ರಾರ್ಥನೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಪ್ರಾರ್ಥನೆ ನಾನೂ ಮಾಡುವವಳೇ, ಉಪವಾಸವೂ ಇರುವವಳೇ. ಹಸಿವಿನ ಜಂಬ ಕಂಡರೆ ಮಾತ್ರ ಹೇಸಿಗೆ.

ನಮ್ಮದು ಸಿಂಗಟಗೆರೆ ಕಡೆಯ ತೆಂಗಿನ ತೋಟದ ಮನೆ. ಮನೆಯಲ್ಲಿ ಯೇಸುವನ್ನು ನಂಬಿದವರು ಅವ್ವ ಮತ್ತು ನಾನು, ಇಬ್ಬರೇ. ಮೊದಲೆಲ್ಲ ಅವ್ವನ ಏಕಾದಶಿ ಉಪವಾಸವೆಂದರೆ ಅನ್ನ ಬಿಟ್ಟು ಅವಲಕ್ಕಿ, ಬಾಳೆಹಣ್ಣು ತಿನ್ನುವುದು. ಕಡೂರಿನ ಸಭೆಯ ಶುಕ್ರವಾರದ ಪ್ರಾರ್ಥನೆಗೂ ಅವಳು ಅದೇ ಡಬ್ಬಿ ತಂದಳು. ಸಭೆಯಲ್ಲಿ ದೊಡ್ಡವಳೆನಿಸಿಕೊಂಡ ಒಬ್ಬಾಕೆ ಎಲ್ಲರೆದುರು ನಕ್ಕುಬಿಟ್ಟಳು.

"ಇದೇನಕ್ಕ, ಟಿಫನ್ನಾ? ನೀರೂ ಮುಟ್ಟದಂಗೆ ಇದ್ರೇನೆ ಕರ್ತನು ಮಾತಾಡೋದು."

ಅವ್ವನಿಗೆ ಬೇಕಾಗಿದ್ದುದು ಅದೊಂದೇ. ದೇವರ ದನಿ ತನಗೂ ಒಮ್ಮೆ ಕೇಳಿಸಬೇಕು. ಸಭೆಯಲ್ಲಿ ಅಕ್ಕಪಕ್ಕ ಕೂತವರೆಲ್ಲ ತಮಗೆ ಕೇಳಿಸಿತೆಂದು ವಾರವಾರ ಸಾಕ್ಷಿ ಹೇಳುತ್ತಿದ್ದರು. ಮುಂದಿನ ಶುಕ್ರವಾರ ಅವ್ವ ಸಕ್ಕರೆ ಕಾಯಿಲೆಯ ಇನ್ಸುಲಿನ್ ಎಂದಿನಂತೆ ಚುಚ್ಚಿಕೊಂಡು, ನನಗೆ ಸುಳಿವು ಕೊಡದೆ, ಬರಿ ಹೊಟ್ಟೆಯಲ್ಲೇ ನನ್ನ ಜೊತೆ ಬಸ್ಸು ಹತ್ತಿದಳು.

ತಗಡಿನ ಮಾಡಿನ ಕೆಳಗೆ ಪ್ರಾರ್ಥನೆ ಜೋರಾಗುತ್ತಿದ್ದಂತೆ ಅವ್ವ ತೂಗಾಡತೊಡಗಿದಳು. ಮೈಯೆಲ್ಲ ಬೆವರು, ಕೈ ನಡುಕ, ಬಾಯಲ್ಲಿ ತಲೆಬುಡವಿಲ್ಲದ ಮಾತು.

"ಪವಿತ್ರಾತ್ಮ ಇಳೀತು, ಸ್ತೋತ್ರ!" ಎಂದು ಯಾರೋ ಕೂಗಿದರು. ಚಪ್ಪಾಳೆ ಶುರುವಾಯಿತು. ಊರಲ್ಲಿ ಅಮ್ಮನವರು ಮೈಮೇಲೆ ಬಂದಾಗ ಸುತ್ತ ನಿಂತು ಕೈಮುಗಿದು ಬೆಳೆದವರೇ ಎಲ್ಲರೂ. ದೇವರು ಬದಲಾಗಿದ್ದ, ನೋಡುವ ಕಣ್ಣು ಹಾಗೇ ಇತ್ತು. ಅವ್ವನ ಮೈಯ ಸಕ್ಕರೆ ತೀರ ಇಳಿದಿದೆಯೆಂದು ಗೊತ್ತಾಗಿ, ನನ್ನ ಚೀಲದಲ್ಲಿ ಸದಾ ಇರುವ ಗ್ಲೂಕೋಸ್ ಪುಡಿ ತೆಗೆದರೆ ಆ ದೊಡ್ಡವಳು ನನ್ನ ಮಣಿಕಟ್ಟನ್ನೇ ಹಿಡಿದಳು.

"ಉಪ್ವಾಸ ಮುರೀಬೇಡ ಕಣೇ, ಆತ್ಮದ ಅಭಿಷೇಕ ಹೋಯ್ತದೆ!"

"ನಮ್ಮವ್ವನೇ ಹೋಯ್ತಾಳೆ, ಬಿಡ್ರೀ ಕೈಯ!" ಎಂದು ಅವಳನ್ನು ತಳ್ಳಿ, ಪುಡಿಯನ್ನು ಅವ್ವನ ಕೆನ್ನೆಯೊಳಗೆ ಸವರಿದೆ.

ಸ್ವಲ್ಪ ಹೊತ್ತಿಗೆ ಅವ್ವ ಕಣ್ಣು ಬಿಟ್ಟಳು. ನಾಲಿಗೆಗೆ ಸಿಹಿ ತಾಗಿದ್ದು ಗೊತ್ತಾದದ್ದೇ ತಡ, ಸೆರಗಿನಿಂದ ಬಾಯಿ ಒರೆಸಿಕೊಂಡು, "ತಪ್ಪಾಯ್ತು ಕರ್ತನೇ" ಎಂದು ಅತ್ತಳು. ಇಷ್ಟು ಸಾಲದೆಂಬಂತೆ ಆ ಮಹಾತಾಯಿ ಮುಂದಿನ ವಾರ, ತನ್ನ ಪ್ರಾರ್ಥನೆಯಿಂದಲೇ ಅವ್ವನ ಮೇಲೆ ಆತ್ಮ ಇಳಿಯಿತೆಂದು ಸಾಕ್ಷಿ ಹೇಳಿದಳಂತೆ. ಕೇಳಲು ನಾವು ಹೋಗಿರಲಿಲ್ಲ.

ಈಗ ಶುಕ್ರವಾರ ಅವಳ ಪಾಲಿನ ಉಪವಾಸವನ್ನೂ ನಾನೇ ಮಾಡಿ, ಮನೆಯಲ್ಲೇ ಪ್ರಾರ್ಥಿಸುತ್ತೇನೆ. ಅವಳಿಗೆ ಉಪ್ಪಿಟ್ಟು ಮಾಡಿ ಮುಂದಿಡುತ್ತೇನೆ. ಅವ್ವ ತಟ್ಟೆ ನೋಡುತ್ತಾಳೆ, ಎದ್ದು ಹೋಗುತ್ತಾಳೆ, ಕಪಾಟಿನ ಮೇಲಿನ ಬೈಬಲ್ಲಿಗೆ ಟವೆಲು ಹೊದಿಸುತ್ತಾಳೆ. ಆಮೇಲೆ ಬಂದು ತಿನ್ನುತ್ತಾಳೆ.