ಒಸಿ ಜಾಗ

ರೇಷ್ಮೆ ಸಾಕಣೆ ಕಲಿಸಲು ಕನಕಪುರಕ್ಕೆ ಬಂದಿದ್ದ ಜಪಾನಿನ ಸಾಹೇಬರು ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದರು. ಸಂಜೆ ಕಲ್ಲಿನ ಮೇಲೆ ನೀರು ಹನಿಸಿ ಮಸಿಕಡ್ಡಿ ತೇಯುತ್ತಿದ್ದರು, ಅಜ್ಜಿ ಗಂಧ ತೇಯ್ದ ಹಾಗೆ. ಆಮೇಲೆ ಬರೀ ಹಾಳೆಯನ್ನೇ ಬಹಳ ಹೊತ್ತು ನೋಡುತ್ತ ಕೂತು, ನಾಲ್ಕೇ ಗೀರಿನಲ್ಲಿ ಹಿಪ್ಪುನೇರಳೆಯ ರೆಂಬೆಯೊಂದನ್ನು ಮೂಡಿಸುವರು. ಮಿಕ್ಕಿದ್ದೆಲ್ಲ ಬಿಳಿ, ಮಂಜಿನಲ್ಲಿ ನಮ್ಮ ತೋಟ ಕಂಡಂತೆ.

"ಇಷ್ಟೊಂದು ಖಾಲಿ ಬುಟ್ಟಿದ್ದೀರಲ್ಲ ಸಾಹೇಬ್ರೇ, ಮಸಿ ಮುಗೀತಾ?" ಎಂದು ಅವ್ವ ಕೇಳಿದರೆ ನಗುವರು. "ಒಸಿ ಜಾಗ ಬುಡಿ, ಅವ್ವ." ತಟ್ಟೆಯಲ್ಲಿ ಹುಳು ಹರಡುವಾಗ ಅವ್ವ ಕೂಲಿಯವರಿಗೆ ಗದರುತ್ತಿದ್ದ ಮಾತದು. ಅವರು ಕಲಿತ ಕನ್ನಡವೂ ಹೆಚ್ಚುಕಡಿಮೆ ಅಷ್ಟೇ.

ಒಂದು ಸಲ ಹುಳುಗಳೆಲ್ಲ ಒಟ್ಟಿಗೆ ಹಣ್ಣಾಗಿ ನೂಲು ಬಿಡಲು ತಯಾರಾಗಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳು ಸಾಲದೆ ಹೋದವು. ಗಡಿಬಿಡಿಯಲ್ಲಿ ನಾನು ಒಂದಷ್ಟು ಹುಳುಗಳನ್ನು, ಹುಳುಮನೆಯಲ್ಲಿ ಒಣಗಲಿಟ್ಟಿದ್ದ ಅವರ ಚಿತ್ರದ ಮೇಲೇ ಬಿಟ್ಟುಬಿಟ್ಟೆ. ಮೂರನೇ ದಿನ ನೋಡಿದರೆ ಮಿಕ್ಕವೆಲ್ಲ ಎತ್ತಲೋ ಹರಿದುಹೋಗಿ, ಹಾಳೆಯ ಮುದುರಿದ ಅಂಚಿನಲ್ಲಿ, ಮಸಿಯ ರೆಂಬೆಯ ತುದಿಗೇ, ಒಂದು ಗೂಡು. ನಾಚಿಕೆಯಿಂದ ಅವ್ವ ಕೀಳಲು ಹೋದಳು.

"ಬುಡಿ, ಅವ್ವ."

ಚಿಟ್ಟೆ ಹೊರಬಂದರೆ ಗೂಡು ತೂತಾಗಿ ನೂಲು ಕೆಡುತ್ತದೆ. ಅದಕ್ಕೇ ಗೂಡನ್ನು ಮೊದಲೇ ಮಾರುಕಟ್ಟೆಗೆ ಸಾಗಿಸುವುದು ನಮ್ಮ ರೂಢಿ. ಆ ಒಂದು ಗೂಡು ಮಾತ್ರ ಉಳಿಯಿತು.

ಕೆಲವು ದಿನಗಳ ಮೇಲೆ ಅದನ್ನು ಸೀಳಿಕೊಂಡು ಬಂದ ಚಿಟ್ಟೆ, ಒದ್ದೆ ರೆಕ್ಕೆ ನಡುಗಿಸುತ್ತ ಬಿಳಿಯ ಕಡೆಗೆ ನಡೆಯಿತು. ಕುಂಚ ಕೈಯಲ್ಲಿದ್ದರೂ ಸಾಹೇಬರು ಏನನ್ನೂ ಬರೆಯಲಿಲ್ಲ. ಮದುವೆಯಾಗಿ ಬಂದಾಗಿನಿಂದ ಹುಳು ಸಾಕಿದ್ದ ಅವ್ವ ಕುಕ್ಕರುಗಾಲಲ್ಲಿ ಕೂತು ನೋಡಿದಳು.

"ನೋಡ್ಲಾ," ಎಂದಳು ಮೆಲ್ಲಗೆ, "ನಮ್ ಹುಳಕ್ಕೆ ರೆಕ್ಕೆ ಐತೆ."