ದೋಣಿಯ ಮೇಲೆ ಒಬ್ಬರು

ಆ ಭಾನುವಾರ ನಮ್ಮ ಮನೆಯವರು ಚಹಾ ಕುಡಿಯುತ್ತ, ಕರಾವಳಿಯ ಹಿನ್ನೀರಿನಲ್ಲಿ ತಾವು ತೆಗೆದ ಫೋಟೋ ಒಂದನ್ನು ತೋರಿಸಿದರು. ತುಂಬ ಬಿಳಿ ನೀರು, ಮೂಲೆಯಲ್ಲಿ ಉಗುರಿನಷ್ಟು ಮೀನು ದೋಣಿ.

“ಬರೀ ನೀರೇ ಐತಲ್ರೀ, ಮನುಷ್ಯಾರು ಎಲ್ಲಿ?” ಎಂದು ಕಾಡಿಸಿದೆ.

“ಸಮಾಧಾನದಿಂದ ನೋಡು, ಒಬ್ಬಾಂವ ಅದಾನ” ಎಂದು ನಕ್ಕರು. ಮರುದಿನ ಹೃದಯಾಘಾತವಾಗಿ ತೀರಿಕೊಂಡರು.

ಕಳೆದ ತಿಂಗಳು ನಾವಿರುವ ನಾಗಪುರದ ಸದರ್ ಬಡಾವಣೆಯಲ್ಲಿ ಗೆಳೆಯರು ಅವರ ಫೋಟೋಗಳ ಪ್ರದರ್ಶನ ಇಟ್ಟಿದ್ದರು. ಊರಾಚೆ ಬುಟಿಬೋರಿಯ ಕಾರ್ಖಾನೆಯಲ್ಲಿ ದುಡಿಯುವ ಯುವತಿಯೊಬ್ಬಳು ಆ ಫೋಟೋದ ಮುಂದೆ ನಿಂತವಳು ಕದಲಲೇ ಇಲ್ಲ. ನಾನು ಯಾರೊಂದಿಗೋ ಆಡಿದ ಕನ್ನಡ ಕಿವಿಗೆ ಬಿದ್ದದ್ದೇ ಹತ್ತಿರ ಬಂದಳು.

“ಅಮ್ಮಾ, ಇವ್ರು ನಮ್ಮಪ್ಪ! ಒಂದು ಕಾಲು ದೋಣಿ ಅಂಚಿಗಿಟ್ಟು ಬಲೆ ಬೀಸೋರು ಅವ್ರೊಬ್ರೇ. ಬಿದ್ದೀರಿ ಅಂತ ಆಯಿ ದಿನಾ ಬೈತಿದ್ಲು.”

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮರಳು ತುಂಬಿ ಮೀನು ಬಾರದಾದಾಗ ಆಕೆಯ ತಂದೆ ದೋಣಿಯನ್ನು ದಡಕ್ಕೆ ಹಾಕಿದ್ದರಂತೆ. ಮರಳು ತೆಗೆಸಿದ ಮೇಲೆ ಈ ವರ್ಷ ಮತ್ತೆ ನೀರಿಗಿಳಿಸಿದ್ದಾರಂತೆ. ದೋಣಿಯ ಮೇಲಿನ ಅವರ ಫೋಟೋ ಮನೆಯಲ್ಲಿ ಒಂದೂ ಇಲ್ಲ ಎಂದಳು. ಗೋಡೆಯಿಂದ ಇಳಿಸಿ ಆಕೆಯ ಕೈಗಿಟ್ಟೆ.

ಆ ಮನುಷ್ಯ ಯಾರೆಂದು ನನಗೀಗ ಗೊತ್ತು. ಹೇಳೋಣವೆಂದರೆ ನಮ್ಮ ಮನೆಯವರಿಲ್ಲ.